ಬೀಸುವ ಪದ ಮತ್ತು ಅವ್ವನ ರಟ್ಟೆ

ನನ್ನ ಬಳಿ ಒಂದು ಹಳೆಯ ಕ್ಯಾಸೆಟ್ಟಿದೆ. 1987ರ ಬೇಸಿಗೆ ರಜೆಯಲ್ಲಿ ಆಳಂದದ ತವರುಮನೆಯ ಪಡಸಾಲೆಯಲ್ಲಿ ಕುಳಿತು ಅವ್ವನ ಬಾಯಿಂದ ಬೀಸುವ ಪದಗಳನ್ನು ಅದರಲ್ಲಿ ತುಂಬಿಕೊಂಡಿದ್ದೆ. ಆಗ ನಾನು ಜನಪದ ಗೀತೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದವು. ಬೀಸುವ ಕಲ್ಲು ಅಡುಗೆಮನೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ಕುಳಿತಿತ್ತು. ಸುಮ್ಮನೆ ಕುಳಿತು ಹಾಡು ಎಂದರೆ ಅವ್ವನಿಗೆ ಬರಲೊಲ್ಲದು. "ಕಲ್ಲು ತಿರಗದ ಪದ ಹ್ಯಾಂಗ ಬರ್ತಾವ ಯವ್ವಾ?" ಎಂದಳು. ಕಲ್ಲನ್ನು ಪಡಸಾಲೆಗೆ ಎಳೆದು ತಂದು, ಎರಡು ಹಿಡಿ ಜೋಳ ಹಾಕಿ, ಗೂಟ ಹಿಡಿದು ತಿರುಗಿಸತೊಡಗಿದ ಮೇಲೆಯೇ ತ್ರಿಪದಿಗಳು ಒಂದರ ಬೆನ್ನಿಗೊಂದು ಬಂದವು. ಆ ಪದಗಳು ನನ್ನ ಪ್ರಬಂಧದ ಒಂದು ಅಧ್ಯಾಯವಾದವು. ಒಳ್ಳೆಯ ಅಧ್ಯಾಯವೆಂದು ನನ್ನ ಗುರುಗಳು ಮೆಚ್ಚಿಕೊಂಡರು.

ಹೋದ ವರ್ಷ ಮಗ ಆ ಕ್ಯಾಸೆಟ್ಟನ್ನು ಮೊಬೈಲಿಗೆ ಇಳಿಸಿಕೊಟ್ಟ. ಅವ್ವ ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಗಿದೆ. ಒಂದು ರಾತ್ರಿ ನಿದ್ದೆ ಬಾರದೆ ಅದನ್ನು ಕಿವಿಗೆ ಹಚ್ಚಿಕೊಂಡು ಕುಳಿತೆ. ನಾಲ್ಕನೆಯ ಪದ ಮುಗಿದೊಡನೆ ಕಲ್ಲಿನ ಸಪ್ಪಳ ನಿಂತಿತು. "ತಡೀ ಯವ್ವಾ, ರಟ್ಟಿ ಸೆಳೀಲಕತ್ತದ" ಎಂದು ಅವ್ವ ಹೇಳಿದಳು. ಆಮೇಲೆ ನನ್ನದೇ ದನಿ, ಎಳೆಯ ದನಿ, ಅವಸರದ ದನಿ: "ಇನ್ನೊಂದು ಹಾಡವ್ವಾ, ಟೇಪು ತಿರಗಲಕತ್ತದ." ಮತ್ತೆ ಕಲ್ಲು ತಿರುಗಿತು.

ನಾನು ಮತ್ತೊಮ್ಮೆ ಮೊದಲಿನಿಂದ ಕೇಳಿದೆ. ಆ ಒಂದು ಗಂಟೆಯಲ್ಲಿ ಕಲ್ಲು ಹನ್ನೊಂದು ಸಲ ನಿಂತಿದೆ. ಒಮ್ಮೆ "ಕೈ ಜೋಮು ಹಿಡೀತು" ಎಂದಿದ್ದಾಳೆ, ಒಮ್ಮೆ "ಇಲ್ಲಿಂದ ಇಲ್ಲಿಗಿ ಸೂಜಿ ಹೊಡದಂಗ ಆಗ್ತದ" ಎಂದಿದ್ದಾಳೆ, ಒಮ್ಮೆ ಏನೂ ಹೇಳದೆ ಬರೀ ಉಸಿರು ಬಿಟ್ಟಿದ್ದಾಳೆ. ನನ್ನ ಪ್ರಬಂಧದಲ್ಲಿ ಹಾಡುಗಳೆಲ್ಲ ಇವೆ, ಪಾಠಾಂತರಗಳಿವೆ, ಅಡಿಟಿಪ್ಪಣಿಗಳಿವೆ. ಈ ಹನ್ನೊಂದು ನಿಲುಗಡೆಗಳು ಮಾತ್ರ ಎಲ್ಲಿಯೂ ಇಲ್ಲ. ಬರೆದುಕೊಳ್ಳುವಾಗ ಅವನ್ನು "ಅನವಶ್ಯಕ" ಎಂದು ನಾನೇ ಬಿಟ್ಟಿದ್ದೆ.

ಇದು ನನ್ನೊಬ್ಬಳ ತಪ್ಪೆಂದು ಸುಮ್ಮನಾಗಬಹುದಿತ್ತು. ಆದರೆ ಕನ್ನಡ ಪಾಠ ಹೇಳಿ ಮುವ್ವತ್ತು ವರ್ಷ ಕಳೆದವಳಾದ ನನಗೆ, ನಾವು ಹೆಣ್ಣುಮಕ್ಕಳ ಹಾಡನ್ನು, ಕಥೆಯನ್ನು, ವಚನವನ್ನು ಓದಿಕೊಂಡು ಬಂದ ರೀತಿಯಲ್ಲಿಯೇ ಈ ತಪ್ಪು ಸೇರಿಕೊಂಡಿದೆ ಎನ್ನಿಸುತ್ತದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ.

ನಮ್ಮ ಸೀಮೆಯ ಹೆಂಗಸರ ಹಾಡು ಪುಸ್ತಕವಾಗಿ ನಾಡಿಗೆ ತಿಳಿದದ್ದು 1931ರಲ್ಲಿ, "ಗರತಿಯ ಹಾಡು" ಸಂಕಲನದಿಂದ. ಭೀಮೆಯ ಆಚೆ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಕಾಪಸೆ ರೇವಪ್ಪ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಅದನ್ನು ಕೂಡಿಸಿದರು. ಅವರ ಉಪಕಾರ ದೊಡ್ಡದು. ಅವರು ಕೂಡಿಸದಿದ್ದರೆ ಗಿರಣಿಯ ಸದ್ದಿನಲ್ಲಿ ಆ ಪದಗಳು ಎಂದೋ ಕಳೆದುಹೋಗುತ್ತಿದ್ದವು. ಆದರೆ ಕೂಡಿಸಿದವರೂ, ಮೆಚ್ಚಿದವರೂ, ಮುಂದೆ ತರಗತಿಗಳಲ್ಲಿ ಪಾಠ ಹೇಳಿದ ನಾವೂ ಆ ಹಾಡುಗಳಲ್ಲಿ ಹುಡುಕಿದ್ದು ಏನನ್ನು? ತವರಿನ ಹಂಬಲ, ಅಣ್ಣನ ಮೇಲಿನ ಅಕ್ಕರೆ, ಕೂಸಿನ ಆಟ, ಗರತಿಯ ತಾಳ್ಮೆ. ಇವೆಲ್ಲ ಇದ್ದದ್ದೇ ಸರಿ. ನಸುಕಿನ ನಾಲ್ಕಕ್ಕೆದ್ದು ಮನೆಮಂದಿಗೆಲ್ಲ ಸಾಲುವಷ್ಟು ಜೋಳ ಬೀಸುವಾಗ ಆ ತ್ರಿಪದಿಯನ್ನು ಹೊತ್ತು ತಿರುಗಿದ್ದು ಒಂದು ರಟ್ಟೆ, ಒಂದು ಬೆನ್ನು, ಮಡಚಿ ಕುಳಿತ ಎರಡು ಮೊಣಕಾಲು ಎಂಬುದನ್ನು ನಾವು ಗಮನಕ್ಕೆ ತಂದುಕೊಳ್ಳಲಿಲ್ಲ. "ಹಾಡಿನಿಂದ ಹೆಂಗಸರು ದಣಿವು ಮರೆಯುತ್ತಿದ್ದರು" ಎಂಬ ಒಂದು ಸಾಲನ್ನು ಪ್ರತಿಯೊಂದು ಪಠ್ಯದ ಮುನ್ನುಡಿಯಲ್ಲೂ ಬರೆದು ಮುಂದೆ ಹೋದೆವು. ನಾನೂ ಆ ಸಾಲನ್ನು ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದೇನೋ! ದಣಿವು ಎಂಬುದು ರಾತ್ರಿ ಮಲಗಿ ಬೆಳಗಿಗೆ ಏಳುವಷ್ಟರಲ್ಲಿ ಹೋಗುವಂಥದು. ಅವ್ವನಿಗಿದ್ದದ್ದು ಹೋಗದ ನೋವು. ಎರಡಕ್ಕೂ ಒಂದೇ ಪದ ಹಚ್ಚಿದ್ದರಿಂದ ಎರಡನೆಯದು ಕಾಣದಂತಾಯಿತು.

ಹಾಗೆಂದು ಹಾಡು ನೋವನ್ನು ಕಡಿಮೆ ಮಾಡುತ್ತಿತ್ತು ಎಂಬ ಮಾತು ಸುಳ್ಳೂ ಅಲ್ಲ. 1965ರಲ್ಲಿ ಕೆನಡಾದ ರೊನಾಲ್ಡ್ ಮೆಲ್ಝಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ನೋವಿನ ಬಗ್ಗೆ ಒಂದು ಹೊಸ ವಿಚಾರ ಮುಂದಿಟ್ಟರು. ಗಾಯವಾದಲ್ಲಿಂದ ಹೊರಟ ಸುದ್ದಿ ನೇರವಾಗಿ ಮಿದುಳಿಗೆ ಹೋಗಿ ಮುಟ್ಟುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂಥ ವ್ಯವಸ್ಥೆ ಇದೆ, ಅದು ಕೆಲವೊಮ್ಮೆ ತೆರೆಯುತ್ತದೆ, ಕೆಲವೊಮ್ಮೆ ಮುಚ್ಚಿಕೊಳ್ಳುತ್ತದೆ ಎಂದರು. ಪೆಟ್ಟಾದಲ್ಲಿ ಕೈಯಿಂದ ತಿಕ್ಕಿಕೊಂಡರೆ ಹಾಯೆನಿಸುವುದು ಆ ಬಾಗಿಲು ಅರ್ಧ ಮುಚ್ಚುವುದರಿಂದ. ಮೇಲಿನಿಂದ ಮಿದುಳೂ ಆ ಬಾಗಿಲನ್ನು ಎಳೆಯಬಲ್ಲದು. ಮನಸ್ಸು ಬೇರೆಡೆ ನೆಟ್ಟಾಗ, ಜೊತೆಗೆ ಯಾರಾದರೂ ಇದ್ದಾಗ, ಹೆದರಿಕೆ ಇಲ್ಲದಾಗ ನೋವು ತಗ್ಗುತ್ತದೆ. ಒಂಟಿತನ, ಚಿಂತೆ, ನಿದ್ದೆಗೇಡಿನಲ್ಲಿ ಅದೇ ನೋವು ಏರುತ್ತದೆ. ಈ ವಿಚಾರದ ವಿವರಗಳನ್ನು ಮುಂದಿನ ಸಂಶೋಧಕರು ತಿದ್ದಿದ್ದಾರೆ, ತಿರುಳು ಉಳಿದಿದೆ. ಎದುರುಬದುರು ಕುಳಿತು ಒಂದೇ ಗೂಟಕ್ಕೆ ಕೈಹಚ್ಚಿ, ಕಲ್ಲಿನ ಲಯಕ್ಕೆ ಉಸಿರು ಹೊಂದಿಸಿ ಹಾಡುತ್ತಿದ್ದ ಅತ್ತೆ-ಸೊಸೆಯರು, ನೆಗೆಣ್ಣಿಯರು ಇದನ್ನು ಓದದೆಯೇ ಅರಿತಿದ್ದರು.

ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಒಳಗಿನ ಬೆಂಕಿ ಆರುವುದಿಲ್ಲ. ಹಾಡು ಅವ್ವನಿಗೆ ಅಂದಿನ ಬೀಸುವಿಕೆಯನ್ನು ದಾಟಿಸಿತು, ರಟ್ಟೆಯನ್ನು ವಾಸಿಮಾಡಲಿಲ್ಲ. ಕೊನೆಯ ಹತ್ತು ವರ್ಷ ಆಕೆಯ ಬಲಗೈ ಭುಜದ ಮೇಲೆ ಏರುತ್ತಿರಲಿಲ್ಲ. ತುರುಬನ್ನು ಕೂಡ ನನ್ನ ವೈನಿಯೇ ಕಟ್ಟಬೇಕಾಗುತ್ತಿತ್ತು. ಹಾಡು ಔಷಧವೂ ಆಗಿತ್ತು, ಮುಸುಕೂ ಆಗಿತ್ತು. ನಮ್ಮ ವಿಮರ್ಶೆ ಮೊದಲನೆಯದನ್ನು ಹೊಗಳಿ ಎರಡನೆಯದರ ಎದುರು ಕಣ್ಣು ಮುಚ್ಚಿತು.

ಇದೆಲ್ಲ ನನಗೆ ಹೊಳೆಯಲು ನನ್ನ ಕೈಗಳೇ ನೋಯಬೇಕಾಯಿತು. 2008ರ ಚಳಿಗಾಲದಲ್ಲಿ ಜೇವರ್ಗಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿರುವಾಗ ಬೆರಳ ನಡುವಿನ ಸುಣ್ಣದಕಡ್ಡಿ ಜಾರಿ ಬಿತ್ತು. ಹುಡುಗರು ನಕ್ಕರು, ನಾನೂ ನಕ್ಕೆ. ಆಮೇಲೆ ದಿನಾ ಬೀಳತೊಡಗಿತು. ಬೆಳಿಗ್ಗೆ ಎದ್ದರೆ ಎರಡೂ ಕೈಬೆರಳು ಕಟ್ಟಿಗೆಯಂತೆ ಬಿಗಿದಿರುತ್ತಿದ್ದವು. ಬಿಸಿನೀರಲ್ಲಿ ಅದ್ದಿ ಒಂದು ತಾಸು ಕಳೆದ ಮೇಲೆ ಮುಷ್ಟಿ ಕಟ್ಟಲು ಬರುತ್ತಿತ್ತು. ಪೇಟೆಯ ಒಬ್ಬ ವೈದ್ಯರು "ವಯಸ್ಸಾಯ್ತಲ್ಲ ಬಾಯಾರ" ಎಂದು ಗುಳಿಗೆ ಬರೆದರು. ಇನ್ನೊಬ್ಬರು "ಮುಟ್ಟು ನಿಲ್ಲೋ ಕಾಲ, ಎಲ್ಲರಿಗೂ ಇರೋದೇ" ಎಂದರು. ಮತ್ತೊಬ್ಬರು ಹೆಸರು ಹೇಳದ ಒಂದು ಸೂಜಿ ಚುಚ್ಚಿದರು. ಎಂಟು ದಿನ ಹಕ್ಕಿಯಂತೆ ಹಾರಾಡಿದೆ, ಒಂಬತ್ತನೆಯ ದಿನ ಮೊದಲಿಗಿಂತ ಕೆಟ್ಟದಾಗಿ ಬಿದ್ದೆ. ಹೀಗೆ ನಾಲ್ಕು ವರ್ಷ ಹೋದವು. ಕಲಬುರಗಿಯಲ್ಲಿ ಒಬ್ಬ ವೈದ್ಯೆ ನನ್ನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು, ಒಂದೊಂದೇ ಗೆಣ್ಣನ್ನು ಒತ್ತಿ ನೋಡಿ, "ಬೆಳಿಗ್ಗೆ ಎಷ್ಟೊತ್ತು ಬಿಗಿತಿರ್ತದ?" ಎಂದು ಕೇಳಿದ ದಿನ ರೋಗಕ್ಕೆ ಹೆಸರು ಸಿಕ್ಕಿತು. ಸಂಧಿವಾತ, ಅವರು ರುಮಟಾಯ್ಡ್ ಎನ್ನುವ ಜಾತಿಯದು. ಮೈಯ ಕಾವಲುಗಾರನೇ ಮೈಯ ಕೀಲುಗಳ ಮೇಲೆ ಬೀಳುವ ರೋಗ. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಬೇಗ ಗುರುತಿಸಿ ಔಷಧ ಶುರುಮಾಡಿದರೆ ಕೀಲು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ನನ್ನ ಎರಡು ಬೆರಳು ಅಷ್ಟರಲ್ಲಿ ಸೊಟ್ಟಗಾಗಿದ್ದವು.

ಆ ನಾಲ್ಕು ವರ್ಷಗಳಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಯಾವುದೆಂದು ಯೋಚಿಸಿದ್ದೇನೆ. ನಾನು ಹೇಳುತ್ತಿದ್ದೆ, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. 1987ರಲ್ಲಿ ಅವ್ವ ನನಗೆ ಹೇಳಿದ್ದಳು, ನಾನು ಕೇಳಿಸಿಕೊಂಡಿರಲಿಲ್ಲ.

ಇಂಗ್ಲಿಷಿನ ಲೇಖಕಿ ವರ್ಜೀನಿಯಾ ವುಲ್ಫ್ 1926ರಲ್ಲಿ ಕಾಯಿಲೆ ಬೀಳುವುದರ ಬಗ್ಗೆ ಒಂದು ಪ್ರಬಂಧ ಬರೆದಳು. ಪ್ರೇಮಕ್ಕೆ, ಯುದ್ಧಕ್ಕೆ ಇರುವಂತೆ ಕಾಯಿಲೆಗೆ ಸಾಹಿತ್ಯದಲ್ಲಿ ಸ್ಥಾನವೇಕಿಲ್ಲ ಎಂದು ಕೇಳಿದಳು. ತಲೆನೋವನ್ನು ವೈದ್ಯನಿಗೆ ವಿವರಿಸಹೊರಟರೆ ಭಾಷೆಯೇ ಬತ್ತಿಹೋಗುತ್ತದೆ ಎಂದು ಕೊರಗಿದಳು. ಅವಳ ಮೊದಲ ಪ್ರಶ್ನೆ ನಮಗೂ ಒಪ್ಪುವಂಥದು. ಎರಡನೆಯ ಮಾತನ್ನು ನಾನು ಒಪ್ಪಲಾರೆ. ಅವಳು ಅಫಜಲಪುರದ ಬಸ್‌ನಿಲ್ದಾಣದಲ್ಲಿ ಅರ್ಧ ತಾಸು ಕುಳಿತಿದ್ದರೆ ಆ ಮಾತು ಬರೆಯುತ್ತಿರಲಿಲ್ಲ. ನಮ್ಮ ಹೆಂಗಸರ ಬಾಯಲ್ಲಿ ನೋವಿಗೆ ಎಷ್ಟು ಪದ! ಟೊಂಕ ಹಿಡಿಯುತ್ತದೆ, ಕೈಕಾಲು ಹರಿಯುತ್ತವೆ, ತಲೆ ಸಿಡಿಯುತ್ತದೆ, ರಟ್ಟೆ ಸೆಳೆಯುತ್ತದೆ, ಮೊಣಕಾಲು ಕಡಿಯುತ್ತದೆ, ಅಂಗಾಲು ಉರಿಯುತ್ತದೆ, ಹೊಟ್ಟೆ ಹಿಂಡುತ್ತದೆ, ಕೈ ಜೋಮು ಹಿಡಿಯುತ್ತದೆ. ಇವು ಒಂದೇ ನೋವಿನ ಎಂಟು ಹೆಸರುಗಳಲ್ಲ, ಎಂಟು ಬೇರೆ ಬೇರೆ ನೋವುಗಳು. ಉರಿಯುವ, ಜೋಮು ಹಿಡಿಯುವ ನೋವು ನರದ್ದಿರಬಹುದು, ಕಡಿಯುವುದು ಕೀಲಿನದು, ಹಿಂಡುವುದು ಹೊಟ್ಟೆಯ ಒಳಗಿನದು. ಹೇಳುವವಳು ಅರ್ಧ ರೋಗನಿದಾನವನ್ನು ತಾನೇ ಮಾಡಿಕೊಟ್ಟಿರುತ್ತಾಳೆ.

ಮೇಲೆ ಹೇಳಿದ ಮೆಲ್ಝಾಕ್ 1975ರಲ್ಲಿ ರೋಗಿಗಳು ನೋವಿಗೆ ಬಳಸುವ ಪದಗಳನ್ನೇ ಕಲೆಹಾಕಿ ಒಂದು ಪ್ರಶ್ನಾವಳಿ ಮಾಡಿದ. ಅದರಲ್ಲಿ 78 ಪದಗಳಿವೆ, 20 ಗುಂಪುಗಳಿವೆ. ಮಿಡಿಯುವ ನೋವು ಒಂದು ಕಡೆ, ಇರಿಯುವುದು ಒಂದು ಕಡೆ, ಸುಡುವುದು ಒಂದು ಕಡೆ. ಜಗತ್ತಿನ ಆಸ್ಪತ್ರೆಗಳು ಅದನ್ನು ಇಂದಿಗೂ ಬಳಸುತ್ತವೆ. ಜನಪದ ಪದಗಳನ್ನು ಕೂಡಿಸುವುದೇ ಕೆಲಸವಾಗಿದ್ದ ನಾವು ಒಗಟು ಕೂಡಿಸಿದೆವು, ಗಾದೆ ಕೂಡಿಸಿದೆವು, ಬೈಗುಳ ಕೂಡ ಕೂಡಿಸಿದೆವು. ನಮ್ಮ ಅವ್ವಂದಿರ ನೋವಿನ ಪದಗಳಿಗೆ ಒಂದು ನೋಟುಬುಕ್ಕು ಇಡಬೇಕೆಂದು ನನಗಂತೂ ತೋಚಲಿಲ್ಲ.

ಇನ್ನು ನಮ್ಮ ಸಾಹಿತ್ಯದ ಮಾತು. ಅಕ್ಕಮಹಾದೇವಿಯ ಒಂದು ಪ್ರಸಿದ್ಧ ವಚನವಿದೆ. ಹೆರಿಗೆಯ ನೋವಿನ ಹೋಲಿಕೆ ತಂದು, ಪೆಟ್ಟು ತಿಂದವರಲ್ಲದೆ ಉಳಿದವರು ಆ ನೋವನ್ನು ಅರಿಯಲಾರರೆಂದು ವಾದಿಸುವ ವಚನ. ಅದನ್ನು ಬಲ್ಲದ ಕನ್ನಡತಿ ಇಲ್ಲ. ಆದರೆ ಅದನ್ನು ನಾವು ಗಾದೆಯ ಹಾಗೆ ಬಳಸಿ ಸವೆಸಿಬಿಟ್ಟಿದ್ದೇವೆ. "ಯಾರ ಬ್ಯಾನಿ ಅವರಿಗೇ ಗೊತ್ತು" ಎಂದು ಮಾತು ಮುಗಿಸಲು ಅದು ಒದಗುತ್ತದೆ. ಇನ್ನೊಬ್ಬರ ನೋವು ತಿಳಿಯುವುದೇ ಇಲ್ಲವೆಂದ ಮೇಲೆ ಕೇಳುವ ಗೋಜೇಕೆ ಎಂಬುದು ಇದರ ಒಳಾರ್ಥ. ಆ ವಚನವನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಅಕ್ಕ ಅದನ್ನು ತನ್ನಷ್ಟಕ್ಕೆ ಹೇಳಿಕೊಂಡಿಲ್ಲ. ತಾಯಂದಿರನ್ನು ಕರೆದು ಹೇಳಿದ್ದಾಳೆ. ನಿಮಗೆ ತಿಳಿಯದು ಎನ್ನುತ್ತಲೇ ಅವರಿಗೇ ಹೇಳುತ್ತಿದ್ದಾಳೆ. ತಿಳಿಯದಿದ್ದರೂ ಕೇಳಿಸಿಕೊಳ್ಳಿ ಎಂಬ ಬೇಡಿಕೆ ಆ ಸಂಬೋಧನೆಯಲ್ಲೇ ಇದೆ. ಅದು ಅಧ್ಯಾತ್ಮದ ಅಳಲೆಂಬುದು ನಿಜ. ಆದರೂ ನೊಂದ ಹೆಣ್ಣು ಮತ್ತೊಬ್ಬ ಹೆಣ್ಣಿನ ಎದುರು ಬಾಯಿ ಬಿಡುವ ರೀತಿ ಅದರಲ್ಲಿ ಹಾಗೆಯೇ ಉಳಿದು ಬಂದಿದೆ.

ಹೊಸಗನ್ನಡದಲ್ಲಿ ಹೆಣ್ಣಿನ ಮನಸ್ಸಿನ ನೋವಿಗೆ ದೊಡ್ಡ ಜಾಗ ದೊರಕಿಸಿಕೊಟ್ಟವರು ತ್ರಿವೇಣಿ. "ಶರಪಂಜರ" ಓದಿ, ಮುಂದೆ 1971ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ನೋಡಿ ಅತ್ತವರಲ್ಲಿ ನಾನೂ ಒಬ್ಬಳು. ಮನಸ್ಸು ಕೆಟ್ಟವಳನ್ನು ಹುಚ್ಚಿ ಎನ್ನುವ ಬಾಯಿಗಳು ಸ್ವಲ್ಪವಾದರೂ ತಡೆದವು. ಅನುಪಮಾ ನಿರಂಜನರು ವೈದ್ಯೆಯೂ ಹೌದು, ಕಾದಂಬರಿಕಾರ್ತಿಯೂ ಹೌದು. ಅವರ "ತಾಯಿ-ಮಗು", "ಸ್ತ್ರೀ ಸ್ವಾಸ್ಥ್ಯ ಸಂಹಿತೆ" ನಮ್ಮಂಥ ಸಣ್ಣ ಊರುಗಳ ಮನೆಗಳಲ್ಲಿ ಪಂಚಾಂಗದ ಪಕ್ಕ ಇರುತ್ತಿದ್ದವು. ಕ್ಯಾನ್ಸರಿನೊಡನೆ ವರ್ಷಗಟ್ಟಲೆ ಬದುಕಿ 1991ರಲ್ಲಿ ಅವರು ತೀರಿಕೊಂಡರು. ನಮ್ಮ ಕಲಬುರಗಿಯ ಗೀತಾ ನಾಗಭೂಷಣರು ದುಡಿಯುವ ಹೆಂಗಸರ ಮೈಯನ್ನು, ಮಾತನ್ನು ಈ ನೆಲದ ನುಡಿಯಲ್ಲೇ ಕಾದಂಬರಿಗೆ ತಂದರು. "ಬದುಕು" ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ನಾವೆಲ್ಲ ನಮ್ಮ ಮನೆಗೇ ಬಂದಂತೆ ಹಿಗ್ಗಿದೆವು. 2020ರಲ್ಲಿ ಅವರೂ ಹೋದರು.

ನನ್ನ ತಕರಾರು ಈ ಲೇಖಕಿಯರ ಮೇಲಲ್ಲ, ಅವರನ್ನು ಓದಿದ ನಮ್ಮ ಮೇಲೆ. ಹೆಣ್ಣಿನ ಮೈ ಎಂದೊಡನೆ ನಮ್ಮ ವಿಮರ್ಶೆಗೆ ಕಂಡದ್ದು ಚೆಲುವು, ಬಸಿರು-ಬಾಣಂತನ, ಬಲಾತ್ಕಾರ. ಇವು ಕಥೆಗೆ ಒದಗುವ ಮೈಗಳು. ಇವುಗಳಲ್ಲಿ ಏನೋ ಒಂದು ನಡೆಯುತ್ತದೆ. ದಿನದ ನೋವಿನಲ್ಲಿ ಏನೂ ನಡೆಯುವುದಿಲ್ಲ. ನಿನ್ನೆ ನೋಯಿತು, ಇಂದು ನೋಯುತ್ತಿದೆ, ನಾಳೆಯೂ ನೋಯುತ್ತದೆ. ಅದರಲ್ಲಿ ತಿರುವಿಲ್ಲ, ಸಾವಿಲ್ಲ, ಗುಣವಾಗುವುದೂ ಇಲ್ಲ. ಅಂಥದ್ದನ್ನು ಸಾಹಿತ್ಯದ ಪುಟದಿಂದ ಕೆಳಗಿಳಿಸಿ ಆರೋಗ್ಯದ ಅಂಕಣಕ್ಕೆ ಕಳಿಸಿದೆವು. ಅಂಕಣ ಅದನ್ನು "ಮನೆಮದ್ದು" ಎಂಬ ಚೌಕದಲ್ಲಿ ಹಾಕಿತು. ಸಾಹಿತ್ಯಕ್ಕೂ ವೈದ್ಯಕ್ಕೂ ನಡುವೆ ನಮ್ಮ ಮೊಣಕಾಲು ಅನಾಥವಾಯಿತು.

ತತ್ವಪದಗಳ ಮಾತನ್ನೂ ಆಡಬೇಕು. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರ ಪದಗಳನ್ನು ಏಕತಾರಿಯ ಮೇಲೆ ಕೇಳಿ ಬೆಳೆದವರು ನಾವು. ಜಾತಿಯ ಗೋಡೆ ಒಡೆದು ಹಾಡಿದ ದೊಡ್ಡ ಅನುಭಾವಿ ಅವರು. ಆದರೆ ದೇಹ ಮೂರು ದಿನದ್ದು ಎಂಬ ತತ್ವ ಮಠದ ಅಂಗಳದಿಂದ ಹೊರಟು ಮನೆಯ ಅಡುಗೆಕೋಣೆಗೆ ಬರುವ ಹೊತ್ತಿಗೆ ಬೇರೆಯದೇ ಆಗಿರುತ್ತದೆ. ದೇಹದ ಅಹಂಕಾರ ಬಿಡಬೇಕಾದವರಿಗೆ ಹೇಳಿದ ಮಾತು, ದೇಹ ತನ್ನದೆಂದು ಒಂದು ದಿನವೂ ಅನ್ನಿಸಿಕೊಳ್ಳದವಳ ಕಿವಿಗೆ "ಸುಮ್ಮನಿರು" ಎಂದು ಕೇಳುತ್ತದೆ. ತತ್ವ ಯಾರಿಗೆ, ಯಾವಾಗ ಹೇಳಿದ್ದು ಎಂಬುದನ್ನು ನೋಡದೆ ಅದನ್ನು ಹಂಚಿದವರು ನಾವು.

ಅಫಜಲಪುರ ತಾಲೂಕಿನಲ್ಲಿ, ಭೀಮಾ-ಅಮರ್ಜಾ ಕೂಡುವಲ್ಲಿ ಗಾಣಗಾಪುರವಿದೆ. ನನ್ನ ಅತ್ತೆಯ ಮನೆ ಅದೇ ತಾಲೂಕಿನಲ್ಲಿ ಭೀಮೆಯ ದಂಡೆಯ ಮೇಲೆ. ದತ್ತನ ಸನ್ನಿಧಿಯಲ್ಲಿ ಆರತಿಯ ಹೊತ್ತಿಗೆ ಎಲ್ಲೆಲ್ಲಿಂದಲೋ ಬಂದ ಹೆಂಗಸರು ಕೂಗಿಕೊಳ್ಳುತ್ತಾರೆ, ಹೊರಳಾಡುತ್ತಾರೆ. ಓದಿದವಳಾದ ನನಗೆ ಮೊದಲು ಅದು ಮೂಢತನವೆಂದೇ ಕಂಡಿತ್ತು. ಈಗಲೂ ಅಲ್ಲಿ ಸಂಧಿವಾತ ಗುಣವಾಗುತ್ತದೆಂದು ನಾನು ಹೇಳಲಾರೆ. ಆದರೆ ಒಮ್ಮೆ ಅತ್ತೆಯೇ ಹೇಳಿದರು: "ಮನ್ಯಾಗ ಅಯ್ಯೋ ಅಂದ್ರ ನಾಟಕ ಮಾಡ್ತಾಳ ಅಂತಾರ. ಅಲ್ಲಿ ಒದರಿದ್ರ ಯಾರೂ ಏನೂ ಅನ್ನಂಗಿಲ್ಲ." ಇದರಷ್ಟು ನೇರವಾದ ವಿಮರ್ಶೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಆಳಂದದ ಲಾಡ್ಲೆ ಮಶಾಕ ದರ್ಗಾಕ್ಕೆ ಗುರುವಾರ ಹೋಗಿ ಕುಳಿತು ಬರುತ್ತಿದ್ದ ಅವ್ವನೂ ಇದನ್ನೇ ಹುಡುಕುತ್ತಿದ್ದಳೇನೋ. ನೋವನ್ನು ಬಾಯಿಬಿಟ್ಟು ಹೇಳಲು ಒಂದು ಜಾಗ.

ಇಂದು ವೈದ್ಯಶಾಸ್ತ್ರವೂ ಇದೇ ಮಾತಿಗೆ ಬಂದಿದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿ ಬರೆಯಿತು. ನೋವು ಮೈಗೂ ಮನಸ್ಸಿಗೂ ಸೇರಿದ ಅನುಭವ, ಅದು ಪ್ರತಿಯೊಬ್ಬರ ಸ್ವಂತದ್ದು, ಒಬ್ಬರು ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂದು ಅದರ ಟಿಪ್ಪಣಿಯಲ್ಲಿ ಸೇರಿಸಿತು. ಮೂರು ತಿಂಗಳಿಗೂ ಹೆಚ್ಚು ಉಳಿಯುವ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿಯಲ್ಲಿ ಬೇರೆಯದೇ ಜಾಗ ಸಿಕ್ಕಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅಂದರೆ ದೀರ್ಘಕಾಲದ ನೋವು ಬೇರೊಂದು ರೋಗದ ನೆರಳು ಮಾತ್ರವಲ್ಲ, ಕೆಲವರಲ್ಲಿ ಅದೇ ಒಂದು ರೋಗ. ಕಾರಣ ಮಾಯವಾದ ಮೇಲೂ ನರಗಳು ಗಂಟೆ ಬಾರಿಸುವುದನ್ನು ನಿಲ್ಲಿಸದೆ ಇರಬಹುದು. "ಎಕ್ಸ್‌ರೇದಾಗ ಏನೂ ಇಲ್ಲ, ಸುಮ್ನ ಮಾಡ್ತಾಳ" ಎನ್ನುವವರಿಗೆ ಇದನ್ನು ತಿಳಿಸಿ ಹೇಳಬೇಕು.

ಓದುತ್ತಿರುವ ಅಕ್ಕತಂಗಿಯರು "ನೀವು ಹ್ಯಾಂಗ ನಿಭಾಯಿಸ್ತೀರಿ?" ಎಂದು ಕೇಳಬಹುದು. ನಾನು ವೈದ್ಯೆಯಲ್ಲ, ನನ್ನ ರೂಢಿಯನ್ನಷ್ಟೇ ಹೇಳುತ್ತೇನೆ. ವಾರಕ್ಕೊಮ್ಮೆ ಮಾತ್ರ ನುಂಗುವ ಮೆಥೊಟ್ರೆಕ್ಸೇಟ್ ಗುಳಿಗೆಗೆ ಸೋಮವಾರ ಗೊತ್ತುಮಾಡಿದ್ದೇನೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ, ಏಕೆಂದರೆ ಅದನ್ನು ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ವೈದ್ಯರು ಹೇಳಿದ ಹೊತ್ತಿಗೆ ರಕ್ತ ತಪಾಸಣೆ ತಪ್ಪಿಸುವುದಿಲ್ಲ. ಅಂಗಡಿಯಲ್ಲಿ ಕೇಳಿ ತರುವ ನೋವಿನ ಗುಳಿಗೆಗಳನ್ನು ತಿಂಗಳಾನುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ ಎಂದು ತಡವಾಗಿ ಕಲಿತೆ. ಹೆಸರಿಲ್ಲದ ಪುಡಿ, ಹೆಸರಿಲ್ಲದ ಸೂಜಿ ಎರಡಕ್ಕೂ ಕೈಮುಗಿದಿದ್ದೇನೆ.

ಔಷಧಕ್ಕಿಂತ ಕಷ್ಟವಾದದ್ದು ಕೆಲಸದ ರೀತಿ ಬದಲಿಸುವುದು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹದಿನೈದು ರೊಟ್ಟಿ ಬಡಿಯುವವಳೇ ಹೆಣ್ಣು ಎಂದು ಬೆಳೆದ ಮೈ ಇದು. ಈಗ ಕಟ್ಟೆಯ ಎದುರು ಎತ್ತರದ ಸ್ಟೂಲು ಹಾಕಿಕೊಂಡು ನಾಲ್ಕು ರೊಟ್ಟಿ ಬಡಿದು ಏಳುತ್ತೇನೆ, ಸ್ವಲ್ಪ ತಿರುಗಾಡಿ ಮತ್ತೆ ಕೂಡುತ್ತೇನೆ. ನೋವಿಲ್ಲದ ದಿನ ಎಲ್ಲ ಕೆಲಸ ಒಮ್ಮೆಗೇ ಎಳೆದುಕೊಂಡು ಮರುದಿನ ಹಾಸಿಗೆ ಹಿಡಿಯುವುದು ನನ್ನ ಹಳೆಯ ಚಟ. ಒಳ್ಳೆಯ ದಿನ ಸ್ವಲ್ಪ ಕಡಿಮೆ, ಕೆಟ್ಟ ದಿನವೂ ಸ್ವಲ್ಪ, ಹೀಗೆ ಸಮ ಹಾಕುವುದನ್ನು ಕಲಿಯಲು ಎರಡು ವರ್ಷ ಬೇಕಾಯಿತು. ಪೂರ್ತಿ ಮಲಗಿಬಿಟ್ಟರೆ ಕೀಲು ಇನ್ನಷ್ಟು ಬಿಗಿಯುತ್ತದೆ. ಆದ್ದರಿಂದ ದಿನಾ ನಡಿಗೆ, ಬೆರಳಿನ ವ್ಯಾಯಾಮ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಕಲಬುರಗಿಯ ಆಸ್ಪತ್ರೆಗೆ ಹೋಗಲು ಯಾರ ಮುಂದೂ ಕೈಚಾಚದ ಎಷ್ಟೋ ಹೆಂಗಸರನ್ನು ಬಸ್ಸಿನಲ್ಲಿ ಕಂಡಿದ್ದೇನೆ. ತೊಗರಿ ಕೊಯ್ಲಿನ ಕಾಲಕ್ಕೆ ಮಾತ್ರ ಅವರು ಕಾಣುವುದಿಲ್ಲ. ಟೊಂಕ ಎಷ್ಟೇ ನೋಯಲಿ, ಅಂದಿನ ಕೂಲಿ ಬಿಟ್ಟರೆ ಅಂದಿನ ಸಂತೆ ಇಲ್ಲ. ಸ್ಟೂಲು ಹಾಕಿಕೊಂಡು ಕೂಡುವ ಅನುಕೂಲ ನನಗಿದೆ, ಹೊಲದಲ್ಲಿ ಕುರ್ಪಿ ಹಿಡಿದವಳಿಗೆ ಇಲ್ಲ. ಇದನ್ನು ಹೇಳದೆ ನನ್ನ ರೂಢಿಯನ್ನಷ್ಟೇ ಹೇಳಿದ್ದರೆ ನಾನೂ ಮುನ್ನುಡಿಯ ಸಾಲನ್ನೇ ಬರೆದಂತಾಗುತ್ತಿತ್ತು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಇಷ್ಟೆಲ್ಲ ಅರಿತವಳು ಬದಲಾಗಿದ್ದೇನೆಂದು ನಾನೂ ತಿಳಿದಿದ್ದೆ. ಹೋದ ನಾಗರಪಂಚಮಿಗೆ ಮಗ-ಸೊಸೆ ಬಂದಿದ್ದರು. ಉಂಡೆ ಕಟ್ಟುವ ಹೊತ್ತಿಗೆ ಸೊಸೆ ಕೋಣೆಯ ಕಿಟಕಿ ಮುಚ್ಚಿ, ಕತ್ತಲೆ ಮಾಡಿಕೊಂಡು ಮಲಗಿಬಿಟ್ಟಳು. ಅರೆದಲೆನೋವೆಂದಳು. ನಾನು ಅಡುಗೆಮನೆಯಿಂದಲೇ, ಆಕೆಗೆ ಕೇಳಿಸುವಷ್ಟು ಜೋರಾಗಿ, "ನಮ್ಮ ಕಾಲಕ್ಕ ಹಬ್ಬದ ದಿನ ತಲಿನೋವು ಬರ್ತಿದ್ದಿಲ್ಲವ್ವ" ಎಂದೆ. ಗಂಡಸರಿಗಿಂತ ಹೆಂಗಸರಿಗೆ ಸುಮಾರು ಮೂರು ಪಟ್ಟು ಹೆಚ್ಚು ಬರುವ, ಬೆಳಕನ್ನೂ ಸಪ್ಪಳವನ್ನೂ ತಾಳಗೊಡದ ನೋವದು ಎಂದು ನಾನು ಓದಿದ್ದೆ. ಓದಿದ್ದು ಬಾಯಿಗೆ ಬರಲಿಲ್ಲ, ಅತ್ತೆತನ ಬಂತು. ಅದೇ ವಾರದ ಒಂದು ರಾತ್ರಿ ನಾನು ಆ ಕ್ಯಾಸೆಟ್ಟು ಕೇಳಿದ್ದು. "ಇನ್ನೊಂದು ಹಾಡವ್ವಾ" ಎಂಬ ನನ್ನ ದನಿಯೂ ಅಡುಗೆಮನೆಯಿಂದ ಹೋದ ದನಿಯೂ ಒಂದೇ ಎಂದು ಆಗ ಗೊತ್ತಾಯಿತು.

ಮರುದಿನ ಆಕೆಯ ಬಳಿ ಹೋಗಿ ಕುಳಿತೆ. "ಹ್ಯಾಂಗ ಬ್ಯಾನಿ ಆಗ್ತದ, ಹೇಳು" ಎಂದೆ. ಆಕೆ ಮೊದಲು ಏನೂ ಇಲ್ಲತ್ತೀ ಎಂದಳು. ನಾನು ಏಳಲಿಲ್ಲ. ಆಮೇಲೆ ಹೇಳತೊಡಗಿದಳು. ಕಣ್ಣಿನ ಹಿಂದೆ ಯಾರೋ ಮೊಳೆ ಹೊಡೆದಂತೆ, ಮೊದಲು ಕಣ್ಣ ಮುಂದೆ ಮಿಣಮಿಣ ಬೆಳಕು ಹರಿದಾಡಿದಂತೆ, ಒಗ್ಗರಣೆಯ ವಾಸನೆ ತಲೆಯೊಳಗೆ ಬಡಿದಂತೆ. ಹೇಳಿ ಮುಗಿಸಿದಾಗ ಅತ್ತಳು. ಎಂಟು ವರ್ಷದಿಂದ ಇದೆಯಂತೆ. ಆ ಎಂಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಮುಂದಿನ ವಾರ ಇಬ್ಬರೂ ಕೂಡಿ ವೈದ್ಯರ ಬಳಿ ಹೋದೆವು. ನಾನು ಕೈ ತೋರಿಸಿದೆ, ಆಕೆ ತಲೆಯ ಕಥೆ ಹೇಳಿದಳು.

ಈಗ ನನ್ನ ಹಳೆಯ ಪ್ರಬಂಧದ ಪ್ರತಿಯನ್ನು ಮೇಜಿನ ಮೇಲೆ ತೆಗೆದಿಟ್ಟುಕೊಂಡಿದ್ದೇನೆ. ಸೊಟ್ಟ ಬೆರಳಿಗೆ ಪೆನ್ನು ನಿಲ್ಲಲೆಂದು ಅದಕ್ಕೆ ಬಟ್ಟೆ ಸುತ್ತಿಕೊಂಡಿದ್ದೇನೆ. ಕ್ಯಾಸೆಟ್ಟಿನ ಹಾಡು ಕೇಳುತ್ತ, ನಾಲ್ಕನೆಯ ಪದ ಮುಗಿದಲ್ಲಿ ಅಂಚಿನಲ್ಲಿ ಬರೆದೆ: "ಇಲ್ಲಿ ಕಲ್ಲು ನಿಂತಿತು. ಹಾಡಿದಾಕೆ, ರಟ್ಟಿ ಸೆಳೀಲಕತ್ತದ ಎಂದಳು." ಇನ್ನು ಹತ್ತು ಕಡೆ ಬರೆಯುವುದಿದೆ.